ನೂರಾ ಹನ್ನೆರಡನೆಯ ಕಲ್ಲಿನ ಅಜ್ಜಿ

ಸಂಪಿಗೇಹಾಳ ಅಗೆತ ಶಾಲೆ
ಕ್ರಿ.ಶ. 2391, ಜೋಳದ ತಿಂಗಳು, ಮೂವತ್ತೆಂಟನೆಯ ದಿನ

ಸಂಪಿಗೇಹಾಳ ಆರೈಕೆ ಮನೆಯ ಸ್ಮಶಾನದಲ್ಲಿ ಕುಣಿ ತೋಡಿ ಕಲ್ಲು ನೆಡುವ ಹುಸೇನಪ್ಪನವರಿಗೆ, ಹುಟ್ಟಲು ಇನ್ನೂ ಮುನ್ನೂರ ನಲವತ್ತೆಂಟು ವರ್ಷ ಬಾಕಿ ಇರುವ ತುಂಗವ್ವನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳಿಗೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತಿಂಗಳು. ಮಿಕ್ಕ ಐದು ದಿನ ಯಾರೂ ಕೆಲಸ ಮಾಡುವುದಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಬರವಣಿಗೆ ಕಲಿಯಲು ಒಂದು ಬೇಸಿಗೆ ಪೂರ್ತಿ ಒದ್ದಾಡಿದ್ದೇನೆ. ಈ ಪತ್ರ ಹಿಮ್ಮುಖ ಅಂಚೆಯಲ್ಲಿ ಬರುತ್ತಿದೆ. ಅದರಲ್ಲಿ ಕಾಲದ ಹಿಂದಕ್ಕೆ ಒಬ್ಬರು ಜೀವಮಾನದಲ್ಲಿ ಒಂದೇ ಹಾಳೆ ಕಳಿಸಬಹುದು. ನನ್ನ ಗೆಳತಿಯರೆಲ್ಲ ಹಳೇ ಸಿನಿಮಾ ನಟರಿಗೆ ಬರೆದು ತಮ್ಮ ಹಾಳೆ ಮುಗಿಸಿಕೊಂಡರು. ನಾನು ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹದಿನೇಳು ತುಂಬಿದವರೆಲ್ಲ ಒಂದು ಹಂಗಾಮು ಅಗೆತ ಶಾಲೆಯಲ್ಲಿ ಕಳೆಯಬೇಕು. ಹಳೆಯ ನೆಲವನ್ನು ಕರಣಿಯಿಂದ ಪದರ ಪದರವಾಗಿ ಕೆರೆದು, ಕುಂಚದಿಂದ ಗುಡಿಸಿ, ಸಿಕ್ಕಿದ್ದನ್ನೆಲ್ಲ ಬರೆದಿಡುವ ಕೆಲಸ. ಬಿಸಿಲಿಗೆ ನೆರಳುಬಟ್ಟೆ ಇದೆ, ತಲೆಯ ಮೇಲೆ ತೇಲುತ್ತ ನಾವು ಹೋದಲ್ಲಿ ಬರುತ್ತದೆ. ನನ್ನದು ಮಾತ್ರ ಮಹಾ ಮೊಂಡು, ಯಾವಾಗಲೂ ಹೋಗಿ ರಾಚಪ್ಪ ಮಾಸ್ತರರ ಬೋಳುತಲೆಯ ಮೇಲೆ ನಿಲ್ಲುತ್ತದೆ. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಬದಲಾಗಿಲ್ಲ, ಆ ಚಿಂತೆ ಬಿಡಿ.

ಈ ವರ್ಷ ನಮ್ಮ ಪಾಲಿಗೆ ಬಂದದ್ದು, ದಿಕ್ಕು ತಪ್ಪಿ ಬಂದ ಮುದುಕರನ್ನು ಸಾಕುವ ನಿಮ್ಮ ಆರೈಕೆ ಮನೆಯ ಸ್ಮಶಾನ. ಕುಣಿ ತೆರೆಯುವ ಮೊದಲು ಒಳಗಿರುವವರಿಗೆ ನಮ್ಮ ಹೆಸರು, ತಾಯಿಯ ಹೆಸರು, ಬೆಳಿಗ್ಗೆ ತಿಂದದ್ದು ಇಷ್ಟನ್ನು ದಿನವೂ ಹೇಳಬೇಕೆಂಬುದು ಮಾಸ್ತರರ ಕಟ್ಟಪ್ಪಣೆ. ನನಗೆ ಸಿಕ್ಕಿದ್ದು ನೂರಾ ಹನ್ನೆರಡನೆಯ ಕಲ್ಲು. ಆರೈಕೆ ಮನೆಯ ದಫ್ತರದಲ್ಲಿ ಆ ಸಂಖ್ಯೆಯ ಎದುರು ಹೀಗಿದೆ: ಹೆಸರು, ಅಜ್ಜಿ. ಊರು, ತಿಳಿಯದು. ಎಡ ಮುಂಗೈ ಮುರಿದು ಸೊಟ್ಟಗೆ ಕೂಡಿದೆ. ಚೆನ್ನಿ ಎಂಬ ಎಮ್ಮೆಯನ್ನು ಹುಡುಕುತ್ತಾಳೆ. ಪ್ರೀತಿಯಿಂದ ಕರೆದದ್ದನ್ನೇ ಯಾರೋ ಹಾಗೇ ಬರೆದಿದ್ದಾರೆ. ಆ ದಫ್ತರದಲ್ಲಿ ನಲವತ್ತೊಂದು ಮಂದಿಯ ಹೆಸರು ಅಜ್ಜಿ.

ದಫ್ತರದ ಆ ಸಾಲನ್ನು ನಾವು ಊರೂರಿಗೆ ಕಳಿಸಿದಾಗ ಅದು ಸಾಂತವ್ವ ಎಂಬವರ ಕಿವಿಗೆ ಬಿತ್ತು. ಅವರ ಮನೆಯಲ್ಲಿ ಹನ್ನೆರಡು ತಲೆಮಾರಿನಿಂದ ಒಂದು ಕಥೆ ಹೇಳುತ್ತಾರೆ: ಕೈ ಸೊಟ್ಟಗಿದ್ದ ಹಿರಿಯಳೊಬ್ಬಳು ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೋದಳು. ಎಮ್ಮೆ ಸಂಜೆ ತಾನಾಗಿ ಮನೆಗೆ ಬಂತು, ಅವಳು ಬರಲಿಲ್ಲ. ಚೆನ್ನಿ ಎಂಬ ಎಮ್ಮೆಯ ಹೆಸರು ಉಳಿದಿದೆ, ಅವಳದು ಉಳಿದಿಲ್ಲ. ಅವಳನ್ನು ಮನೆಯ ಹೊಲಕ್ಕೆ ಕರೆದೊಯ್ಯಲು ಬರುತ್ತೇನೆಂದು ಎಪ್ಪತ್ತು ದಾಟಿದ ಸಾಂತವ್ವ ದಿನ ಗೊತ್ತುಮಾಡಿದರು.

ಅವರು ಬರುವ ಹಿಂದಿನ ದಿನ ಕುಣಿ ತೆರೆದೆ. ಒಳಗೆ ಆರಡಿ ಎತ್ತರದ ಗಂಡಸು! ಎರಡೂ ಮುಂಗೈ ನೆಟ್ಟಗಿದ್ದವು. ಮೂವತ್ತು ದಿನ ಆತನನ್ನು ಅಜ್ಜಿ ಎಂದು ಕರೆದು, ರೊಟ್ಟಿಯ ಲೆಕ್ಕದ ಜೊತೆಗೆ ನಾನು ಮೆಚ್ಚಿದ ಹುಡುಗನ ವಿಷಯವನ್ನೂ ಹೇಳಿಕೊಂಡಿದ್ದೆ. ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಪಾಪ, ಅಂವಾ ಒಂದ ಮಾತೂ ಆಡದ ಕೇಳ್ಯಾನಲ್ಲವಾ!” ಎಂದರು. ನನಗೆ ಮಾತ್ರ ಅಳು. ನಾಳೆ ಸಾಂತವ್ವನ ಮುಖ ಹೇಗೆ ನೋಡಲಿ?

ಇಡೀ ದಫ್ತರ ತಿರುವಿ ಹಾಕಿದೆ. ಕೊನೆಯ ಪುಟದ ಅಂಚಿನಲ್ಲಿ ನಿಮ್ಮ ಕೈಬರಹ ಸಿಕ್ಕಿತು: “ತಲಿ ಮ್ಯಾಲ ಭಾರ ಬ್ಯಾಡಂತ ಕಲ್ಲ ಕಾಲ್ಕಡೆ ಇಟ್ಟೀನಿ. ಹುಸೇನಪ್ಪ.” ಕಲ್ಲು ತಲೆಯ ಬಳಿಯೇ ಇರುತ್ತದೆಂದು ನಂಬಿ ನಾವು ಕಲ್ಲಿನ ಆಚೆ ಬದಿ ಅಗೆದಿದ್ದೆವು, ಸಿಕ್ಕ ಗಂಡಸು ಪಕ್ಕದ ಸಾಲಿನವನು. ಈಚೆ ಬದಿ ಅಗೆದಾಗ ಸಣ್ಣ ಮೈಕಟ್ಟಿನ ಮುದುಕಿ, ಎಡ ಮುಂಗೈ ಸೊಟ್ಟಗೆ. ಸಂತೋಷಕ್ಕೆ ಕುಣಿಯೊಳಗೇ ಕುಣಿದುಬಿಟ್ಟೆ, ಬೈಸಿಕೊಂಡೆ.

ಮರುದಿನ ಸಾಂತವ್ವ ಹೊಸ ಸೀರೆಯೊಂದಿಗೆ ಬಂದರು. ಎತ್ತುವ ಮೊದಲು ಒಳಗಿರುವವರನ್ನು ಅವರ ಹೆಸರಿನಿಂದ ಮೂರು ಸಲ ಕರೆಯುವುದು ಇಲ್ಲಿಯ ಪದ್ಧತಿ. ಅವರು ಕರೆಯಲು ಬಾಯಿ ತೆರೆದು ನನ್ನ ಕಡೆ ತಿರುಗಿದರು. “ಏನಂತ ಕರೀಲಿ ತಂಗಿ? ಅಜ್ಜಿ ಅಂದ್ರ ನಲವತ್ತೊಂದು ಮಂದಿ ಎದ್ದು ಕುಂದರ್ತಾರ” ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಎತ್ತುವುದು ಬೇಡ, ಒಂದು ದಿನ ನೋಡೋಣ ಎಂದು ನಾನೇ ತಡೆದೆ.

ಹುಸೇನಪ್ಪನವರೇ, ನೂರಾ ಹನ್ನೆರಡನೆಯ ಕಲ್ಲು ನೆಟ್ಟದ್ದು 2026ರ ದೀಪಾವಳಿ ಕಳೆದ ಮೇಲೆ. ಈ ಪತ್ರ ನಿಮಗೆ ಸಿಗುವುದು ಅದೇ ವರ್ಷದ ಶ್ರಾವಣದಲ್ಲಿ. ಎಂದರೆ ಅಜ್ಜಿ ಈಗ ನಿಮ್ಮಲ್ಲೇ, ಯಾವುದೋ ಮಂಚದ ಮೇಲೆ ಕೂತಿದ್ದಾಳೆ. ಆಕೆಯನ್ನು ಮನೆಗೆ ಕಳಿಸಿ ಎಂದು ಬರೆಯಲು ಅಂಚೆಯ ನಿಯಮ ಒಪ್ಪುವುದಿಲ್ಲ, ಅದಕ್ಕೆ ನನಗೆ ತುಂಬ ಸಂಕಟವಿದೆ. ಹೆಸರು ಕೇಳಿ ಎನ್ನಲು ಅಡ್ಡಿಯಿಲ್ಲ. ಕೈ ಸೊಟ್ಟಗಿರುವ, ಎಮ್ಮೆ ಹುಡುಕುವ ಅಜ್ಜಿಯ ಪಕ್ಕ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಚೆನ್ನಿ ಅವತ್ತೇ ಸಂಜೆ ಮನೆಗೆ ಬಂತೆಂದು ಹೇಳಿ. ಆಮೇಲೆ ಆಕೆಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು ಎಂದು ಕೇಳಿ, ದಫ್ತರದಲ್ಲಿ ಬರೆಸಿ.

ಸಾಂತವ್ವ ನಮ್ಮಲ್ಲೇ ಉಳಿದಿದ್ದಾರೆ. ಕುಣಿ ಮುಚ್ಚಿಲ್ಲ. ನಾಳೆ ಬೆಳಿಗ್ಗೆ ಇಬ್ಬರೂ ಕೂಡಿ ದಫ್ತರದಲ್ಲಿ ನೂರಾ ಹನ್ನೆರಡರ ಪುಟ ಮತ್ತೆ ತೆರೆಯುತ್ತೇವೆ.