ಮಹಿಳಾ ಮೀಸಲು ಸ್ಥಾನ

ಮಾಳಮಡ್ಡಿ, ಧಾರವಾಡ

ಪೂಜ್ಯ ಭಾವನವರಿಗೆ ದಾಕ್ಷಾಯಿಣಿಯ ಶರಣು.

ಐದು ವರ್ಷದ ಹಿಂದೆ ಹತ್ತಿ ಮಾರಾಟ ಸಂಘದ ಮಹಿಳಾ ಮೀಸಲು ಸ್ಥಾನಕ್ಕೆ ನೀವೇ ನನ್ನ ಹೆಸರು ಕೊಟ್ಟಿರಿ. “ಮನ್ಯಾಗ ಕುಂತು ಸಹಿ ಮಾಡಿದ್ರ ಸಾಕವ್ವ” ಎಂದಿರಿ. ನಾನು ಸಭೆಗೂ ಬಂದೆ. ಗೋದಾಮಿನಲ್ಲಿ ಹತ್ತಿ ಆರಿಸುವ ನಲವತ್ತು ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೆಂದು ಏಳು ಸಭೆಗಳಲ್ಲಿ ಕೇಳಿದೆ. ಅಧ್ಯಕ್ಷರಾದ ನೀವು ಏಳು ಸಲವೂ “ಮುಂದ ನೋಡೂಣು” ಎಂದಿರಿ.

ಮೊನ್ನೆ ಎಲ್ಲರ ಮುಂದೆ, “ಮೀಸಲಾತಿ ಮ್ಯಾಲ ಬಂದಾಕಿ ನೀ, ಗೆದ್ದು ಬಂದವರಂಗ ಮಾತಾಡಬ್ಯಾಡ” ಎಂದಿರಿ. ನಿರ್ದೇಶಕರೆಲ್ಲ ನಕ್ಕರು. ನನ್ನ ಯಜಮಾನರು, ನಿಮ್ಮ ತಮ್ಮನೂ ಅಲ್ಲೇ ಇದ್ದರು. ಚಹಾ ಕುಡಿಯುತ್ತ ಕುಳಿತರು.

ಮಹಿಳಾ ಸ್ಥಾನಕ್ಕೆ ಈ ಸಲ ಉಪ್ಪಿನಬೆಟಗೇರಿಯ ರತ್ನವ್ವ ನಿಲ್ಲುತ್ತಾರೆ. ನಾನು ಇಂದು ಸಾಮಾನ್ಯ ಸ್ಥಾನಕ್ಕೆ, ನಿಮಗೆ ಎದುರಾಳಿಯಾಗಿಯೇ, ನಾಮಪತ್ರ ಕೊಟ್ಟು ಬಂದಿದ್ದೇನೆ. ಬೇರೆಯವರ ಬಾಯಿಂದ ನಿಮಗೆ ತಿಳಿಯಬಾರದೆಂದು ಬರೆದೆ.

ಇನ್ನೊಂದು ಕೆಲಸವಿದೆ. ಸೋಮವಾರ ಅತ್ತೆಯವರ ಕಣ್ಣು ತೋರಿಸಲು ಸತ್ತೂರಿನ ಆಸ್ಪತ್ರೆಗೆ ಹೋಗಬೇಕು. ಎಂಟು ವರ್ಷ ನಾನೇ ಕರೆದುಕೊಂಡು ಹೋಗಿದ್ದೇನೆ. ಈಗ ಮತ ಕೇಳಲು ಊರೂರು ತಿರುಗಬೇಕಾಗಿದೆ. ಈ ಸಲ ನೀವು ಹೋಗಿರಿ. ಡಾಕ್ಟರ ಚೀಟಿ ಅವರ ದಿಂಬಿನ ಕೆಳಗಿದೆ.

ಇತಿ,
ದಾಕ್ಷಾಯಿಣಿ