ಬ್ರೇಕಿಗೆ ಇಬ್ಬರು ಬೇಕು

ರೀ,

ಇವತ್ತು ಕಾರು ತೆಗೆಯಬೇಡ್ರಿ, ಸಂತೆಯಿಂದ ಭಾಜಿ ತರಲಿಕ್ಕೂ ಬೇಡ. ನಿನ್ನೆ ಸಂಜೆ ಬ್ರೇಕಿನ ಹಳೇ ಎಣ್ಣೆ ತೆಗೆದು ಹೊಸದು ಹಾಕಿದೆ, ಪೈಪಿನಲ್ಲಿ ಗಾಳಿ ಉಳಿದಿದೆ. ಪೆಡಲ್ ನಾದಿದ ಹಿಟ್ಟಿನ ಹಾಗೆ ಮೆತ್ತಗಿದೆ. ಕೀಲಿ ನನ್ನ ಪರ್ಸಿನಲ್ಲಿದೆ, ಸುಮ್ಮನೆ ಹುಡುಕಬೇಡ್ರಿ.

ಕ್ಲಚ್ಚಿನ ಎಣ್ಣೆ ಹೋದ ವಾರವೇ ಅಂಬಡದ ಗ್ಯಾರೇಜಿನಲ್ಲಿ ಬದಲಾಯಿತು. "ಕ್ಲಚ್ ಪೆಡಲೇ ಇಲ್ಲದ ಗಾಡಿಗೆ ಕ್ಲಚ್ ಎಣ್ಣಿ ಯಾಕ ಬೇಕು?" ಅಂತ ನಕ್ಕಿದ್ರಲ್ಲ, ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಇದೆ, ಅದರ ಎಣ್ಣೆ ಚಹಾದ ಹಾಗೆ ಕರಿಗಟ್ಟಿತ್ತು. ಗ್ಯಾರೇಜಿನವರು ಸ್ಕ್ಯಾನರ್ ಹಚ್ಚಿದರೆ ಯಂತ್ರವೇ ಕ್ಲಚ್ ಒತ್ತಿ, ಬಿಟ್ಟು, ಗಾಳಿ ಹೊರಹಾಕುತ್ತದೆ. ಯಾರೂ ಯಾರೊಂದಿಗೂ ಮಾತಾಡಬೇಕಿಲ್ಲ.

ಬ್ರೇಕಿಗೆ ಹಾಗಲ್ಲ.

ಸೋಮವಾರ ಸಂಭಾಜಿನಗರದ ಹೊಸ ನೌಕರಿಗೆ ನಾನು ಇದೇ ಕಾರಿನಲ್ಲಿ ಹೋಗುವವಳು. ನಿಮಗೆ ಒಪ್ಪಿಗೆ ಇಲ್ಲ, ನಾಲ್ಕು ದಿನದಿಂದ ಬಾಯಿ ಬಿಟ್ಟಿಲ್ಲ. ಇರಲಿ. ದಾರಿಯಲ್ಲಿ ವೇರೂಳ್ ದಾಟಿ ಘಾಟಿ ಇಳಿಯುವಾಗ ಬ್ರೇಕು ಮೆತ್ತಗಿರಬಾರದು.

ಶಿಫ್ಟ್ ಮುಗಿಸಿ ನಾಲ್ಕಕ್ಕೆ ಬರುತ್ತೇನೆ. ನೀವು ಪೆಡಲ್ ಒತ್ತಿ "ಹಿಡದೇನಿ" ಅನ್ನಬೇಕು. ಆಗ ನಾನು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಿ ಗಾಳಿ ಬಿಡುತ್ತೇನೆ, ಮತ್ತೆ ಬಿಗಿ ಮಾಡಿ "ಬಿಡ್ರಿ" ಅನ್ನುತ್ತೇನೆ. ಅದಕ್ಕೂ ಮೊದಲು ಕಾಲು ತೆಗೆದರೆ ಗಾಳಿ ಒಳಗೇ ಹೋಗುತ್ತದೆ, ಮಾಡಿದ್ದೆಲ್ಲ ಹಾಳು.

ರೊಟ್ಟಿ ಬುಟ್ಟಿಯಲ್ಲಿವೆ. ಕಡಲೆಹಿಟ್ಟಿನ ಝುಣಕ ಬಿಸಿ ಮಾಡಿಕೊಳ್ರಿ, ತಣ್ಣಗಿನದು ತಿಂದು ಹೊಟ್ಟೆನೋವು ಅನ್ನಬೇಡ್ರಿ.

ಹಿಂದಿನ ಎಡ ಚಕ್ರದಿಂದ ಶುರು ಮಾಡೋಣ. ನಾಲ್ಕು ಚಕ್ರಕ್ಕೂ ಹತ್ತತ್ತು ಸಲವಾದರೂ ಬೇಕಾಗುತ್ತದೆ. ನಾನು ಕಾರಿನ ಕೆಳಗಿರುತ್ತೇನೆ, ನೀವು ತಲೆ ಅಲ್ಲಾಡಿಸಿದರೆ ನನಗೆ ಕಾಣುವುದಿಲ್ಲ.

ದಾನಮ್ಮ