ಕೆಂಪು ಪಟ್ಟಿಯಲ್ಲಿ ಎಣ್ಣೆ ಡಬ್ಬ

ಜೂನ್ 2, ಸೋಮವಾರ. ಬೆಳಿಗ್ಗೆ 11

ಶ್ರೀಮದ್ ರಾಜಾಧಿರಾಜ, ಸಹಸ್ರ ಬಟ್ಟೆ ಥಾನುಗಳ ಭಾರ ಹೊತ್ತ ಧೀರ, ಸಕಲ ಹೊಟ್ಟೆಗಳ ನ್ಯಾಯಾಧೀಶ, ಮಹಾಪ್ರಭು ತೂಕದ ಯಂತ್ರವೇ! ಪಾಂಡೇಸರಾದ ಡೈಯಿಂಗ್ ಮಿಲ್ಲಿನ ಲ್ಯಾಬ್ ಕೆಮಿಸ್ಟ್ ವಿಂಧ್ಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಮಸ್ಕಾರ ಮಾತ್ರ. ನಿನ್ನ ಮೇಲೆ ಕಾಲಿಡುವುದಿಲ್ಲ.

ಮೂರನೇ ಶೇಡ್ ಮುಗಿಸಿ ಬರೆಯುತ್ತಿದ್ದೇನೆ. ನವಿಲುಗರಿ ನೀಲಿ. ಕೊನೆಗೂ ಸ್ಯಾಂಪಲ್ಲಿಗೆ ಹೊಂದಿಕೆಯಾಯಿತು.

'ನನ್ನ ಆರೋಗ್ಯ, ನನ್ನ ಹೊಣೆ' — ಅಭಿಯಾನ ಇವತ್ತು ಶುರು. ಬಟ್ಟೆ ತೂಗುವ ಯಂತ್ರವನ್ನೇ ಕ್ಯಾಂಟೀನ್ ಬಾಗಿಲಿಗೆ ತಂದಿಟ್ಟಿದ್ದಾರೆ. ಸೋಮವಾರ ಸೋಮವಾರ ತೂಕ. ದಪ್ಪಗಿರುವವರು ತಿಂಗಳಲ್ಲಿ ಮೂರು ಕೆಜಿ ಇಳಿಸಬೇಕು. ಇಳಿಸುವ ತನಕ ಹೆಸರು ಗೇಟಿನ ಬೋರ್ಡಿನಲ್ಲಿ, ಕೆಂಪಕ್ಷರದಲ್ಲಿ. ತೂಕ ಕೊಡದವರದ್ದೂ ಅಲ್ಲೇ. ಎಲ್ಲರೂ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. ನಾನು ಹಾಕಲಿಲ್ಲ. ಕೆಂಪು ನನಗೆ ಒಪ್ಪುತ್ತದೆ.

ಪಟ್ಟಿಯ ಮೊದಲ ಹೆಸರು ಸ್ಟೋರ್ಸಿನ ಜಯತೀರ್ಥ ಸರ್. ಧಾರವಾಡದವರು, ವಯಸ್ಸು ಐವತ್ತೆರಡು. ಈ ಇಡೀ ಗುಜರಾತಿ ಮಿಲ್ಲಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವವರು ಅವರೊಬ್ಬರೇ. ನೂರೆಂಟು ಕೆಜಿ.

"ಅಷ್ಟೋತ್ತರ ಶತ, ಸರ್! ಮಂಗಳಾರತಿ ಮಾಡಲಾ?"

ಯಾವಾಗಲೂ ನಗುವವರು ನಗಲಿಲ್ಲ.

"ಆಶ್ರಿತಾ ದಿನಾ ಸಂಜೀಕೆ ನನ್ನ ಕರಕೊಂಡು ಹೋಗ್ಲಿಕ್ಕೆ ಗೇಟಿಗೆ ಬರ್ತಾಳ. ಅಪ್ಪನ ಹೆಸರು ಓದ್ತಾಳಲ್ಲ…"

ಜೂನ್ 16, ಸೋಮವಾರ

ಸರ್ ಇವತ್ತು 105.4. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ.

ಅರ್ಧ ಗಂಟೆಯ ಮೇಲೆ ಸ್ಟೋರ್ಸ್ ಮೆಟ್ಟಿಲಲ್ಲಿ ಸಿಕ್ಕರು. ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ತಣ್ಣನೆ ಬೆವರು, ಕೈ ನಡುಕ. ಕ್ಯಾಂಟೀನಿಗೆ ಓಡಿ ಸಕ್ಕರೆ ನೀರು ತಂದು ಕುಡಿಸಿದೆ.

"ಏನ್ ತಿಂದಿದ್ರಿ ಸರ್?"

"ನಿನ್ನೆ ಮಧ್ಯಾಹ್ನದಿಂದ ಏನೂ ಇಲ್ಲ. ಸೋಮವಾರಕ್ಕ ಮೊದ್ಲ ಹಿಂಗ ಮಾಡಿದ್ರ ಕಿಲೋ ಇಳೀತದ."

"ಶುಗರ್ ಮಾತ್ರೆ?"

"ಅದನ್ನ ತಗೊಂಡೇನಿ. ಅದನ್ನೆಂಗ ತಪ್ಪಸ್ಲಿಕ್ಕೆ ಬರ್ತದ?"

"ಊಟ ಬಿಟ್ಟು ಮಾತ್ರೆ! ಪ್ರಾಣ ಹೋಗುತ್ತೆ ಸರ್."

"ಸಹಿ ಮಾಡೇನಲ್ಲ. ನನ್ನ ಹೊಣೆ."

ಜೋಕು ಹುಡುಕಿದೆ. ಸಿಗಲಿಲ್ಲ. ನನ್ನ ಇಪ್ಪತ್ತನಾಲ್ಕು ವರ್ಷಗಳ ಇತಿಹಾಸದಲ್ಲಿ ಮೊದಲ ಸಲ.

ಜೂನ್ 19, ಗುರುವಾರ

ಸಂಶೋಧನೆ ಸಂಪೂರ್ಣ. ಕ್ಯಾಂಟೀನಿನಲ್ಲಿ ದಿನಕ್ಕೆ ಒಂದು ಡಬ್ಬ ಎಣ್ಣೆ. ಡಬ್ಬವನ್ನು ಸಕಲ ಮರ್ಯಾದೆಗಳೊಂದಿಗೆ ಮಹಾಪ್ರಭುವಿನ ಮೇಲೆ ಕೂರಿಸಿದೆ. ಎಣ್ಣೆ ಹದಿನೈದು ಕೆಜಿ. ತಿನ್ನುವವರು ನೂರನಲವತ್ತು. ತಿಂಗಳಿಗೆ ಕೆಲಸದ ದಿನ ಇಪ್ಪತ್ತಾರು. ಆಮೇಲೆ ಗೇಟಿಗೆ ಹೋಗಿ ಬೋರ್ಡಿನ ತುದಿಯಲ್ಲಿ ಕೆಂಪಕ್ಷರದಲ್ಲಿ ಬರೆದೆ, ಹಿಂದಿಯಲ್ಲಿ, ಎಲ್ಲರಿಗೂ ತಿಳಿಯಲೆಂದು:

'ಶ್ರೀ ಎಣ್ಣೆ ಡಬ್ಬ, ಖಾಯಂ ನೌಕರ. ಪ್ರತಿ ಹೊಟ್ಟೆಗೆ ತಿಂಗಳಿಗೆ 2.786 ಕೆಜಿ ಸುರಿಯುತ್ತಾರೆ. ಪ್ರತಿಜ್ಞೆಗೆ ಸಹಿ ಹಾಕಿಲ್ಲ.'

ಹತ್ತು ನಿಮಿಷದಲ್ಲಿ ಎಚ್‌ಆರ್‌ನ ಅದಿತಿ ಬೆನ್‌ರಿಂದ, ಅಂದರೆ ಅದಿತಿ ಅಕ್ಕನಿಂದ, ಕರೆ.

"ಯೇ ಕ್ಯಾ ಮಜಾಕ್ ಹೈ, ವಿಂಧ್ಯಾ? ಕಿಸೀ ನೇ ಜಬರ್ದಸ್ತಿ ಖಿಲಾಯಾ ಕ್ಯಾ?"

ಯಾರಾದರೂ ಬಲವಂತವಾಗಿ ತಿನ್ನಿಸಿದರಾ ಅಂತ ಪ್ರಶ್ನೆ. ಹನ್ನೆರಡು ಗಂಟೆ ಶಿಫ್ಟು. ಬಣ್ಣದ ಪುಡಿ ಬೀಳುತ್ತದೆಂದು ಮನೆ ಊಟದ ಡಬ್ಬಿ ಗೇಟಿನೊಳಗೆ ಬಿಡುವುದಿಲ್ಲ. ಹಾಗಾದರೆ ನಾವು ಇನ್ನೇನು ತಿನ್ನಬೇಕು, ಮೇಡಂ? ಬಣ್ಣವೇ? — ಅಂದೆ.

ಸೋಮವಾರದೊಳಗೆ ಕ್ಷಮಾಪಣೆ ಪತ್ರ ಕೊಡಬೇಕಂತೆ.

ಬರುವಾಗ ಸ್ಟೋರ್ಸಿಗೆ ಹೊಕ್ಕೆ. "ಸರ್, ಸೋಮವಾರ ತಿಂಡಿ ತಿನ್ನದೆ ಬಂದ್ರೋ, ಮೆಟ್ಟಿಲ ವಿಷಯ ಆಶ್ರಿತಾಗೆ ಹೇಳ್ತೀನಿ."

"ಬ್ಲ್ಯಾಕ್‌ಮೇಲ್ ಮಾಡ್ತೀ ಏನು ಹುಡುಗಿ?"

"ಹೌದು ಸರ್."

ಜೂನ್ 23, ಸೋಮವಾರ. ಮಧ್ಯಾಹ್ನ 12

ಕ್ಷಮಾಪಣೆ ಪತ್ರ ಕೊಟ್ಟೆ. ಎಣ್ಣೆ ಡಬ್ಬದ ಪರವಾಗಿ.

ತೂಕದ ಸಾಲಿನ ನಡುವೆ ಜಯತೀರ್ಥ ಸರ್, ಕೈಯಲ್ಲಿ ಸ್ಟೀಲ್ ಡಬ್ಬಿ! "ನೀ ಹೇಳೂದಕಿಂತ ಮೊದ್ಲ ನಾನ ಹೇಳಿಬಿಟ್ಟೆ. ವಾಚ್‌ಮನ್ ಜೋಡಿ ಜಗಳಾಡಿ ಡಬ್ಬಿ ಒಳಗ ಕಳಿಸ್ಯಾಳ ಮಗಳು." ಯಂತ್ರ ಹತ್ತಿದರು. ಮುಚ್ಚಳ ತೆಗೆದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಒಂದು ತುತ್ತು ಮುರಿದು ಬಾಯಿಗಿಟ್ಟರು.

"ಜಯತೀರ್ಥ ಭಾಯಿ, ಡಬ್ಬಾ ನೀಚೇ ರಖಿಯೇ," ಡಬ್ಬಿ ಕೆಳಗಿಡಿ ಅಂತ ಅದಿತಿ ಬೆನ್.

"ಡಬ್ಬೇ ಕೇ ಸಾಥ್ ಲಿಖೋ, ಬೆನ್."

107.2. ಡಬ್ಬಿ ಸಮೇತವೇ ಬರೆದುಕೊಂಡರು. ಸರ್ ಇಳಿಯಲಿಲ್ಲ. ಆ ರೊಟ್ಟಿ ಮುಗಿಸಿಯೇ ಇಳಿದರು. ಹಿಂದೆ ಇದ್ದವರಲ್ಲಿ ಹನ್ನೊಂದು ಜನ ತೂಕ ಕೊಡದೆ ಸಾಲು ಬಿಟ್ಟು ಊಟಕ್ಕೆ ಹೋದರು. ನಾಳೆ ಬೋರ್ಡಿನಲ್ಲಿ ಜಾಗ ಸಾಲುವುದಿಲ್ಲ. ಮಹಾಪ್ರಭುವಿಗೆ ಪರಾಭವ. ಜಯವಾಗಲಿ ರೊಟ್ಟಿಗೆ!

ಸಂಜೆ 4

ಇದನ್ನು ಯಾರೂ ಓದುವುದಿಲ್ಲ. ಹಾಗಾಗಿ —

ಮೂರು ಗಂಟೆಗೆ ಕ್ಯಾಂಟೀನ್ ಖಾಲಿ ಇತ್ತು. ಯಂತ್ರ ಆರಿಸಿರಲಿಲ್ಲ. ಹತ್ತಿದೆ. ಅದಕ್ಕೆ ಮೊದಲು ಶೂ ಬಿಚ್ಚಿದೆ. ಐಡಿ ಕಾರ್ಡು, ವಾಚು, ಜೇಬಿನ ಕೀ, ಕೂದಲಿನ ಕ್ಲಿಪ್ಪು, ಎಲ್ಲ ತೆಗೆದಿಟ್ಟೆ. ದಿನವಿಡೀ ಮಿಲಿಗ್ರಾಂ ಲೆಕ್ಕದಲ್ಲಿ ಬಣ್ಣ ತೂಗುವವಳು ನಾನು. ತೂಕ ಅಂದರೇನು ಅಂತ ನನಗೆ ಗೊತ್ತು. ಆದರೂ ಅಂಕಿ ನಿಲ್ಲುವ ಮೊದಲು ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡೆ.

ಎಂಬತ್ತ… ಬೇಡ, ಇಲ್ಲೂ ಬರೆಯುವುದಿಲ್ಲ.